ಮೋಡದೊಳಗೆ ರಸಮಟ್ಟ

ತರಗತಿಯ ಕರಿಹಲಗೆ ಬಲಕ್ಕೆ ವಾಲಿದೆ ಎಂದು ಅವಳು ಮೊದಲ ವಾರವೇ ಹೇಳಿಬಿಟ್ಟಿದ್ದಳು. ಹುಡುಗರು ನಕ್ಕರು. ಅವರಲ್ಲೊಬ್ಬ ಹಟಕ್ಕೆ ಬಿದ್ದು ವರ್ಕ್‌ಶಾಪಿನಿಂದ ರಸಮಟ್ಟ ತಂದು ಇಟ್ಟು ನೋಡಿದರೆ, ಅದರೊಳಗಿನ ಗುಳ್ಳೆ ನಿಜವಾಗಿಯೂ ಎಡಕ್ಕೆ ಸರಿದು ನಿಂತಿತ್ತು. ಅಂದಿನಿಂದ ಇಡೀ ವಿಮಾನಯಾನ ವಿಭಾಗಕ್ಕೆ ಅವಳ ಹೆಸರೇ ರಸಮಟ್ಟ ಆಗಿಹೋಯಿತು.

ಅದು ಅಪ್ಪನಿಂದ ಬಂದ ಬಳುವಳಿ. ಅಪ್ಪ ಟೈಲ್ಸ್ ಮೇಸ್ತ್ರಿ. ಬಚ್ಚಲಿನ ನೆಲ ಎತ್ತ ಇಳಿಜಾರಾಗಿದೆ ಎನ್ನುವುದನ್ನು ಒಂದು ತಂಬಿಗೆ ನೀರೂ ಸುರಿಯದೆ, ಬರಿಗಾಲಲ್ಲಿ ನಿಂತೇ ಹೇಳುವ ಆಸಾಮಿ. ಮಗಳು ಪೈಲಟ್ ಪದವಿಗೆ ಸೇರಿದಾಗ ಊರೆಲ್ಲ ಹೆದರಿಸಿದರೂ ಅವನು ಮಾತ್ರ ಜಗ್ಗಲಿಲ್ಲ. "ನಮ್ಮ ವಂಶದ ಮೈ ಕಣೇ ನಿಂದು. ಮಟ್ಟ ತಪ್ಪೋ ಮಾತೇ ಇಲ್ಲ" ಎಂದು ಈಗಲೂ ಫೋನಿನಲ್ಲಿ ಹೇಳುತ್ತಿದ್ದ. ಪಾಪ, ಹೋದ ವಾರ ಏನಾಯಿತೆಂದು ಅವನಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ಅವಳಿಗೂ ಇರಲಿಲ್ಲ.

ಹೋದ ವಾರ ಅವಳು ಫೇಲಾಗಿದ್ದಳು. ಅದು ಮೋಡದೊಳಗೆ ಹಾರುವ ಪರೀಕ್ಷೆ. ಗಾಜಿನಾಚೆ ನೆಲವಿಲ್ಲ, ಆಕಾಶವಿಲ್ಲ, ಬರೀ ಬಿಳಿ. ಎದುರಿಗೊಂದು ದುಂಡು ಡಯಲು. ಮೇಲರ್ಧ ನೀಲಿ, ಕೆಳಗರ್ಧ ಕಂದು, ನಡುವೆ ದಿಗಂತದ ಗೆರೆ, ಗೆರೆಯ ಮೇಲೆ ಬೆರಳುದ್ದದ ರೆಕ್ಕೆ. ರೆಕ್ಕೆ ಸಮನಾಗಿದೆ ಎಂದು ಡಯಲು ಹೇಳುತ್ತಿತ್ತು. ಎಡಕ್ಕೆ ವಾಲಿದ್ದೀಯ, ಬೀಳುತ್ತೀಯ ಎಂದು ಮೈ ಕಿರುಚುತ್ತಿತ್ತು. ಅವಳು ಮೈಯ ಮಾತು ಕೇಳಿ ವಿಮಾನವನ್ನು ಬಲಕ್ಕೆ ಹೊರಳಿಸಿದಳು. ವಿಮಾನ ಮೂಗು ತಗ್ಗಿಸಿ, ಸುತ್ತುತ್ತ ಕೆಳಗಿಳಿಯತೊಡಗಿತು. "ಬಿಡು, ನಂಗೆ ಕೊಡು" ಎಂದು ಪಕ್ಕದಲ್ಲಿದ್ದ ಕ್ಯಾಪ್ಟನ್ ಮೇಡಂ ಕೈಹಾಕದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಕಿವಿಯೊಳಗಿನ ನೀರು ಹೇಗೆ ಮೋಸಮಾಡುತ್ತದೆ ಎಂಬ ಪಾಠದಲ್ಲಿ ತರಗತಿಗೇ ಹೆಚ್ಚು ಅಂಕ ತೆಗೆದಿದ್ದವಳು ಅವಳೇ. ವಿಮಾನ ನಿಧಾನವಾಗಿ ತಿರುಗಿದರೆ ಕಿವಿಗೆ ಗೊತ್ತಾಗುವುದಿಲ್ಲ. ತಿರುಗುವುದು ನಿಂತಾಗ ಈಗ ಉಲ್ಟಾ ತಿರುಗುತ್ತಿದ್ದೇವೆ ಎಂದು ಬೊಬ್ಬೆ ಹಾಕುತ್ತದೆ. ಇದನ್ನು ಚಿತ್ರಸಮೇತ ಬರೆದಿದ್ದಳು. ಏನು ಮಾಡುವುದು, ಓದಿದ್ದು ತಲೆಗೆ ಗೊತ್ತಿತ್ತು, ಕಿವಿ ಆ ಪಾಠಕ್ಕೆ ಬಂದಿರಲಿಲ್ಲ.

ಇವತ್ತು ಎರಡನೆಯ ಅವಕಾಶ. ಮೂರನೆಯದು ಇಲ್ಲ. ಇವತ್ತೂ ತಪ್ಪಿದರೆ ಪದವಿಯೇನೋ ಸಿಗುತ್ತದೆ, ಆದರೆ ವಿಮಾನ ನಿಲ್ದಾಣದ ಆಡಳಿತದ್ದು. ಆಮೇಲೆ ಜೀವನವಿಡೀ ಬೇರೆಯವರು ಹಾರುವುದನ್ನು ಕಿಟಕಿಯಿಂದ ನೋಡುತ್ತ ಕೂರಬೇಕು. ಒಳ್ಳೆಯ ಪೈಲಟ್‌ಗಳಿಗೆ ಮೈ ಹೀಗೆಲ್ಲ ಸುಳ್ಳು ಹೇಳುವುದೇ ಇಲ್ಲ ಎಂದು ಅವಳು ನಂಬಿದ್ದಳು. ತನ್ನ ಮೈಯೂ ಇವತ್ತು ಬಾಯಿ ಮುಚ್ಚಿಕೊಂಡಿರಲಿ ಎಂದು ಬೆಳಿಗ್ಗೆಯಿಂದ ಬೇಡಿಕೊಳ್ಳುತ್ತಿದ್ದಳು.

ಮೋಡದೊಳಗೆ ಹೊಕ್ಕ ಸ್ವಲ್ಪ ಹೊತ್ತಿಗೆ ಮೇಡಂ ಹೇಳಿದರು, "ಬಲಕ್ಕೆ ತಿರುಗ್ಸು. ಅವಸರ ಬೇಡ, ನಿಧಾನವಾಗಿ."

ತಿರುಗಿಸಿದಳು. ತಿರುವು ಮುಗಿಯುವಂತೆಯೇ ಕಾಣಲಿಲ್ಲ.

"ಸಾಕು. ಈಗ ಸಮ ಮಾಡು."

ಸಮ ಮಾಡಿದಳು. ಡಯಲಿನ ರೆಕ್ಕೆ ಗೆರೆಯ ಮೇಲೆ ಬಂದು ಕೂತಿತು. ಅದೇ ಗಳಿಗೆಗೆ ಮೈ ಹುಯಿಲೆಬ್ಬಿಸಿತು. ವಾಲಿದೆ, ಎಡಕ್ಕೆ ವಾಲಿದೆ! ಸೀಟು ಜಾರಿದಂತಾಯಿತು, ಕುತ್ತಿಗೆ ತಾನಾಗಿಯೇ ಬಲಕ್ಕೆ ಬಾಗಿತು. ಕೈ ತುರಿಸತೊಡಗಿತು, ಒಂದೇ ಒಂದು ಚೂರು ಬಲಕ್ಕೆ ಹೊರಳಿಸಿದರೆ ಎಷ್ಟು ಹಾಯೆನಿಸುತ್ತಿತ್ತು!

ಅವಳು ಡಯಲನ್ನೇ ದಿಟ್ಟಿಸಿದಳು. ಬೊಗಸೆಯಲ್ಲಿ ಹಿಡಿಯುವಷ್ಟು ಡಬ್ಬಿ. ಒಳಗೊಂದು ಪುಟ್ಟ ಚಕ್ರ ಗಿರಗಿರನೆ ತಿರುಗುತ್ತಿದೆ, ಅಷ್ಟೇ. ನೆಲ ಬಿಟ್ಟು ಇಷ್ಟು ಮೇಲೆ ಬಂದರೂ ಅದಕ್ಕೆ ನೆಲದ ಮಟ್ಟ ಮರೆತಿಲ್ಲ. ಹುಟ್ಟಿದಾಗಿನಿಂದ ನಂಬಿದ ಮೈಯನ್ನು ಬಿಟ್ಟು ಇದನ್ನು ನಂಬಬೇಕು. ಹಲ್ಲು ಕಚ್ಚಿ ನಂಬಿದಳು. ಕುತ್ತಿಗೆ ಸೊಟ್ಟಗಿತ್ತು, ಹಣೆ ಬೆವೆತಿತ್ತು, ಕೈ ಮಾತ್ರ ಅಲುಗಲಿಲ್ಲ.

"ಮೇಲಕ್ಕೆ ತಗೊಂಡು ಹೋಗು" ಎಂದರು ಮೇಡಂ.

ಬಿಳಿ ತೆಳ್ಳಗಾಯಿತು. ಇನ್ನೂ ತೆಳ್ಳಗಾಗಿ, ಕಣ್ಣು ಕುಕ್ಕುವಂತಾಗಿ, ತಟ್ಟನೆ ಹರಿದುಹೋಯಿತು. ಅವಳಿಗೆ ಉಸಿರಾಡುವುದೇ ಮರೆತುಹೋಯಿತು. ಕೆಳಗೆ ಕಣ್ಣು ಹಾಯುವಷ್ಟು ದೂರ ಬೆಳ್ಳನೆಯ ಹಾಸು. ಇಷ್ಟಗಲದ ನೆಲಕ್ಕೆ ಒಂದು ಸಂದಿಲ್ಲ, ಒಂದು ಮೂಲೆಯಿಲ್ಲ! ಅದರ ಕೊನೆಯಲ್ಲಿ, ಕಡುನೀಲಿಯ ಕೆಳಗೆ, ನೂಲು ಹಿಡಿದು ಎಳೆದಂಥ ಗೆರೆ. ಡಯಲಿನ ಗೆರೆ ಹೇಗಿತ್ತೋ ಹಾಗೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಅದು ಕಂಡಿದ್ದೇ ತಡ, ಮೈ ಗಪ್‌ಚಿಪ್ಪಾಯಿತು. ಭೂಮಿ ಇಷ್ಟು ದೊಡ್ಡದೆಂದು ಅವಳು ಓದಿದ್ದಳು, ಅದರೆದುರು ಹೀಗೆ ಕೂತಿರಲಿಲ್ಲ. ತಾನೆಷ್ಟು ಚಿಕ್ಕವಳು ಎನ್ನಿಸಿತು. ಚಿಕ್ಕವಳಾಗಿರುವುದು ಇಷ್ಟು ಸುಖವೇ ಎಂದೂ ಅನ್ನಿಸಿತು. ಕಣ್ಣು ತುಂಬಿಬಂತು.

"ಮೇಡಂ, ವಾಲಿದೆ ಅಂತಾನೇ ಅನ್ನಿಸ್ತಿತ್ತು" ಎಂದಳು ತಪ್ಪೊಪ್ಪಿಕೊಳ್ಳುವವಳಂತೆ. "ಕೊನೇವರೆಗೂ ಹೋಗ್ಲೇ ಇಲ್ಲ. ನಿಮಗೆಲ್ಲ ಇದು ಯಾವಾಗ ಹೋಯ್ತು?"

ಮೇಡಂ ಕುತ್ತಿಗೆಯ ಬಲಗಡೆ ನೀವಿಕೊಳ್ಳುತ್ತಿದ್ದರು. ಆಗಲೇ ಅವಳು ಗಮನಿಸಿದ್ದು.

"ಹೋಗೋದಾ? ಇಷ್ಟು ವರ್ಷ ಹಾರಿಸಿದೀನಿ, ಈಗ ಮೋಡದೊಳಗೆ ನಾನೂ ನಿನ್ನ ಥರಾನೇ ಸೊಟ್ಟಗೆ ಕೂತಿದ್ದೆ ಕಣಮ್ಮಾ."

"ನಿಮಗೂನಾ!"

"ಎಲ್ಲರಿಗೂ. ಮುನ್ನೂರು ಜನಾನ ಹಿಂದೆ ಕೂರಿಸ್ಕೊಂಡು ಹೋಗೋರಿಗೂ. ಅದು ಹೇಳ್ತಾನೇ ಇರತ್ತೆ, ನಾವು ಕೇಳ್ದೇ ಇರ್ತೀವಿ. ಹೋದ ವಾರ ನೀನು ಅದರ ಮಾತು ಕೇಳಿಬಿಟ್ಟೆ. ಇವತ್ತು ಕೇಳ್ಲಿಲ್ಲ. ಪಾಸು."

ಅವಳಿಗೆ ತಲೆಯ ಮೇಲೆ ಹಾದುಹೋದ ಅದೆಷ್ಟೋ ವಿಮಾನಗಳು ನೆನಪಾದವು. ಒಂದೊಂದರೊಳಗೂ ಯಾರೋ ಹೀಗೇ ಕುತ್ತಿಗೆ ಸೊಟ್ಟ ಮಾಡಿಕೊಂಡು, ಕೈ ಅಲುಗಿಸದೆ ಕೂತಿದ್ದರು. ಕೆಳಗೆ ನಿಂತು ನೋಡಿದವರಿಗೆ ಇದರ ಸುಳಿವೇ ಇಲ್ಲ.

"ನೋಡಿದ್ದು ಸಾಕು, ಇಳಿಯೋಣ. ಮನೆ ಮೋಡದ ಕೆಳಗಿದೆ" ಎಂದರು ಮೇಡಂ.

ಅವಳು ಮೂಗು ತಗ್ಗಿಸಿದಳು. ಬಿಳಿ ಹಾಸು ಮೇಲೇರಿ ಬಂದು ಗಾಜನ್ನು ಮುಚ್ಚಿತು. ಒಂದು ತಿರುವು ಮುಗಿಯುವಷ್ಟರಲ್ಲಿ ಮೈ ಮತ್ತೆ ಶುರುಮಾಡಿತು. ಹೇಳ್ಕೋ, ಎಷ್ಟು ಬೇಕಾದ್ರೂ ಹೇಳ್ಕೋ, ಎಂದು ಅದಕ್ಕೆ ಮನಸ್ಸಿನಲ್ಲೇ ಅಂದು ಅವಳು ರೆಕ್ಕೆಯನ್ನು ಗೆರೆಯ ಮೇಲೆ ಹಿಡಿದಳು.