ಕಂಬಳಿ ಹೊದ್ದು ನಿಂತ ಮುತ್ತಜ್ಜಿ

ಮ್ಯೂಸಿಯಂನವರು ಬರುತ್ತಾರೆಂದರೆ ಅಪಾಚೆ ಬುಡಕಟ್ಟಿನ ಊರಾದ ಬೈಲಾಸ್‌ನ ಮುದುಕಿಯರಿಗೆ ಹಿಗ್ಗು. ಸಮುದಾಯ ಭವನದಲ್ಲಿ ಬಿಟ್ಟಿ ಕಾಫಿ, ಸಕ್ಕರೆ ಬಳಿದ ಬನ್ನು, ಅದರ ಮೇಲೆ ಯಾರ್ಯಾರದೋ ಅಜ್ಜಂದಿರನ್ನು ನೋಡಿ ನಗುವ ಅವಕಾಶ. ಮಿಸ್ ಪೆಟಿಗ್ರೂ ಎಂಬ ತೆಳ್ಳನೆಯ ಬಿಳಿ ಹೆಂಗಸು ವರ್ಷಕ್ಕೆರಡು ಸಲ ದೂರದ ನಗರದಿಂದ ರಟ್ಟಿನ ಪೆಟ್ಟಿಗೆಗಳನ್ನು ತಂದು, ನೂರು ವರ್ಷದ ಹಿಂದೆ ತೆಗೆದ ಅಪಾಚೆ ಜನರ ಫೋಟೊಗಳ ಪ್ರತಿಗಳನ್ನು ಉದ್ದ ಮೇಜಿನ ಮೇಲೆ ಹರಡುತ್ತಿದ್ದಳು. ಅವನ್ನು ಮುಟ್ಟುವಾಗ ಬಿಳಿ ಕೈಗವಸು ಹಾಕಿಕೊಳ್ಳುತ್ತಿದ್ದಳು. ಬರೀ ಪ್ರತಿಗಳಿಗೆ ಕೈಗವಸು ಯಾಕೆಂದು ಯಾರೂ ಕೇಳಲಿಲ್ಲ. ಪಾಪ, ಏನೋ ಚರ್ಮದ ಕಾಯಿಲೆ ಇರಬೇಕೆಂದು ಎಂಬತ್ತಾರು ವರ್ಷದ ಬ್ಯೂಲಾ ತೀರ್ಮಾನಿಸಿ ಒಮ್ಮೆ ಮುಲಾಮು ಕೂಡ ತಂದುಕೊಟ್ಟಿದ್ದಳು.

ಪೆಟಿಗ್ರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇವರ ಹೆಸರೇನು? ಮುದುಕಿಯರು ಹೇಳಲೊಲ್ಲದ್ದೂ ಅದೊಂದನ್ನೇ. ಸತ್ತವರನ್ನು ಹೆಸರು ಹಿಡಿದು ಕರೆದರೆ, ಅವರು ಓಗೊಟ್ಟು ಎದ್ದುಬಂದರೆ ಗತಿಯೇನು? ಇಷ್ಟು ಸಣ್ಣ ವಿಷಯ ಓದಿದವರ ತಲೆಗೆ ಯಾಕೆ ಹೋಗುವುದಿಲ್ಲ ಎಂಬುದು ಅಲ್ವೀನಾ ಕಸೂಸ್‌ಗೆ ಕೊನೆಗೂ ಅರ್ಥವಾಗಲಿಲ್ಲ.

ಫೋಟೊದವರನ್ನು ಗುರುತು ಹಿಡಿಯುವುದರಲ್ಲಿ ಎಪ್ಪತ್ತೊಂದರ ಅಲ್ವೀನಾಳನ್ನು ಮೀರಿಸುವವರಿರಲಿಲ್ಲ. ಅವಳು ಮುಖವನ್ನು ಕೊನೆಗೆ ನೋಡುತ್ತಿದ್ದಳು. ಮೊದಲು ಕಾಲಿಗೆ ಕಟ್ಟಿದ ಚರ್ಮದ ಮೆಟ್ಟು, ಆಮೇಲೆ ಮಣಿಯ ಪೋಣಿಕೆ, ಆಮೇಲೆ ಯಾರು ಯಾರ ಕಡೆ ಬೆನ್ನು ಹಾಕಿದ್ದಾರೆ ಎಂಬುದು. "ಇವನು ಮೇಲಿನ ಹಳ್ಳದವನು. ಆ ಕುಂಟನಿದ್ದನಲ್ಲ, ಅವನ ಅಣ್ಣ. ಹೆಂಡತಿ ಜತೆ ಜಗಳ ಆಡ್ಕೊಂಡು ಬಂದು ಕೂತಿದಾನೆ ನೋಡು," ಎನ್ನುವಳು. ಪೆಟಿಗ್ರೂ ಎಲ್ಲವನ್ನೂ ಬರೆದುಕೊಂಡು, ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕುವಳು. ಹನ್ನೊಂದು ಫೋಟೊಗಳಲ್ಲಿ ಹನ್ನೊಂದು ಗಂಡಸರು ಒಂದೇ ಬಂದೂಕು ಹಿಡಿದು ನಿಂತಿದ್ದರು, ಅದು ಫೋಟೊಗ್ರಾಫರನದು. ಹನ್ನೊಂದರ ಕೆಳಗೂ 'ಯೋಧ' ಎಂದೇ ಬರೆದಿತ್ತು. "ನಮ್ಮೋರೆಲ್ಲ ಸೇರಿ ಮಾಡಿದ್ದಕ್ಕಿಂತ ಜಾಸ್ತಿ ಯುದ್ಧ ಈ ಬಂದೂಕೊಂದೇ ಮಾಡಿದೆ ಕಣೇ," ಎಂದಿದ್ದಳು ಬ್ಯೂಲಾ.

ಆ ವಸಂತದಲ್ಲಿ ಅದೇ ಬಂದೂಕಿನ ಹನ್ನೆರಡನೆಯ ಫೋಟೊ ಬಂತು. ಹಿಡಿದವನು ಎದೆಯುಬ್ಬಿಸಿ ನಿಂತಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು ತಲೆಯಿಂದ ಸೊಂಟದವರೆಗೆ ಕಂಬಳಿ ಎಳೆದುಕೊಂಡು, ಮೈ ಆಚೆ ತಿರುಗಿಸಿ ನಿಂತಿದ್ದಳು. ಕಾಣುತ್ತಿದ್ದುದು ಕಂಬಳಿಯನ್ನು ಬಿಗಿಯಾಗಿ ಹಿಡಿದ ಎಡಗೈ ಮಾತ್ರ. ಕೆಳಗೆ 'ಅಪಾಚೆ ನಾಯಕ ಮತ್ತು ಅವನ ನಾಚಿಕೆಯ ಹೆಂಡತಿ' ಎಂದಿತ್ತು.

"ಇದನ್ನ ದೊಡ್ಡದು ಮಾಡಿ ಹೊಸ ಆಸ್ಪತ್ರೆ ಬಾಗಿಲಲ್ಲಿ ಹಾಕ್ತಾರಂತೆ," ಎಂದಳು ಪೆಟಿಗ್ರೂ. "ಮಿಸ್ಟರ್ ಡೊಸೇಲಾ ಅವರೇ ಆರಿಸಿದ್ದು. ಅವರ ತಾತನಂತೆ. ಮುಂದಿನ ಶುಕ್ರವಾರ ಉದ್ಘಾಟನೆ. ಈ ಹೆಂಗಸು ಯಾರು ಅಂತ ನಿಮಗೇನಾದ್ರೂ ಗೊತ್ತಾ?"

ಹೋಮರ್ ಡೊಸೇಲಾ ಎಂಬ ಹೆಸರು ಕೇಳಿದರೇ ಅಲ್ವೀನಾಳ ಮೈ ಉರಿಯುತ್ತಿತ್ತು. ಎಂಟು ವರ್ಷ ಬುಡಕಟ್ಟಿನ ಮಂಡಳಿಯಲ್ಲಿ ಕೂತು, ಈಗ ಹೆದ್ದಾರಿಯ ಪಕ್ಕ ಟಯರಿಗೆ ಪಂಕ್ಚರ್ ಹಾಕುತ್ತಿದ್ದ ಈ ಮನುಷ್ಯ, ತಾನು ನಾಯಕನ ಮೊಮ್ಮಗನೆಂದು ಊರೆಲ್ಲ ಸಾರುತ್ತಿದ್ದ. ಆ ನಾಯಕ ಬಿಳಿಯರ ಸೈನ್ಯದ ಕುದುರೆಗಳಿಗೆ ಹುಲ್ಲು ಕೊಯ್ದು ಹಾಕುತ್ತಿದ್ದವನೆಂದು ಮೂವತ್ತು ವರ್ಷದಿಂದ ಅವಳೂ ಊರೆಲ್ಲ ಸಾರುತ್ತಿದ್ದಳು. ಹೋಮರ್‌ನ ಮನೆಯವರು ಹಿಂದೆ ಇನ್ನೊಂದು ಮಾತನ್ನೂ ಹೇಳಿದ್ದರು. ಆ ತಾತ ಅಲ್ವೀನಾಳ ಅಜ್ಜಿಯನ್ನು, ಅಂದರೆ ತಾಯಿಯ ತಾಯಿಯನ್ನು, ಮೊದಲು ಮದುವೆಯಾಗಿದ್ದ, ಹೋಮರ್‌ನ ಅಪ್ಪ ಹುಟ್ಟಿದ್ದು ಆಕೆಯ ಹೊಟ್ಟೆಯಲ್ಲೇ ಎಂದು. "ಆ ಮನುಷ್ಯನ ನೆರಳೂ ನಮ್ಮ ಮನೆ ಮೇಲೆ ಬಿದ್ದಿಲ್ಲ," ಎಂದು ಅಲ್ವೀನಾಳ ತಾಯಿ ಸಾಯುವವರೆಗೂ ಹೇಳಿದಳು. ತಾಯಿಯ ಮಾತು ಅಲ್ವೀನಾಗೆ ಕಲ್ಲಿನ ಮೇಲೆ ಬರೆದ ಹಾಗೆ.

ಬಾಯಿತುಂಬ ನಗಬೇಕೆಂದೇ ಅವಳು ಫೋಟೊವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕಂಬಳಿ ಹಿಡಿದ ಎಡಗೈಯ ಉಂಗುರ ಬೆರಳು ಅರ್ಧಕ್ಕೆ ನಿಂತಿತ್ತು. ಹೇಸರಗತ್ತೆಯ ಹಗ್ಗಕ್ಕೆ ಸಿಕ್ಕಿ ತುಂಡಾದ ಆ ಬೆರಳಿನ ಕಥೆಯನ್ನು ತಾಯಿಯ ಬಾಯಲ್ಲಿ ಅವಳು ನೂರು ಸಲ ಕೇಳಿದ್ದಳು. ಅದು ಅಜ್ಜಿಯ ತಾಯಿಯ ಕೈ. ಆಕೆಯ ಒಂದೇ ಒಂದು ಚಿತ್ರವನ್ನೂ ಮನೆಯವರು ಯಾರೂ ಕಂಡಿರಲಿಲ್ಲ.

ಅಲ್ವೀನಾಗೆ ನಗುವುದು ಮರೆತೇಹೋಯಿತು. ಅಪಾಚೆ ಹೆಂಗಸು ಹೀಗೆ ತಲೆ ಮೇಲೆ ಕಂಬಳಿ ಎಳೆದುಕೊಳ್ಳುವುದು ಒಬ್ಬನೇ ಒಬ್ಬ ಗಂಡಸು ಎದುರಾದಾಗ. ಅವನು ಮಗಳ ಗಂಡ. ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು, ಮಾತಾಡಬಾರದು, ಅದೇ ಮರ್ಯಾದೆ. ಅಲ್ವೀನಾಳ ಅಳಿಯನೇ ಇಪ್ಪತ್ತು ವರ್ಷದಿಂದ ಅವಳನ್ನು ಕಾರಿನಲ್ಲಿ ಅಂಗಡಿಗೂ ಡಾಕ್ಟರ ಬಳಿಗೂ ಕರೆದೊಯ್ಯುತ್ತಿದ್ದ. ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ತಿರುಗಿ ಕೂರುವ ಅವಳಿಗೆ ಅಪ್ಪಿತಪ್ಪಿ ಕಂಡಿದ್ದು ಅವನ ಕುತ್ತಿಗೆಯ ಹಿಂಭಾಗ ಮಾತ್ರ. ಅವನು ಚಿನ್ನದಂಥ ಹುಡುಗನೆಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು.

ಮುತ್ತಜ್ಜಿಗೆ ಇದ್ದವಳು ಒಬ್ಬಳೇ ಮಗಳು, ಅಲ್ವೀನಾಳ ಅಜ್ಜಿ. ಅಂದರೆ ಆ ಬಂದೂಕಿನವನು ಈ ಮನೆಯ ಅಳಿಯ. ತಾಯಿ ಹೇಳಿದ್ದು ಸುಳ್ಳು.

ಮೇಜಿನ ಸುತ್ತ ಎಲ್ಲರೂ ತಮ್ಮ ತಮ್ಮ ಕಾಫಿ ಲೋಟ ನೋಡುತ್ತಿದ್ದರು. ಬ್ಯೂಲಾ ಬನ್ನಿನ ಸಕ್ಕರೆಯನ್ನು ಬಹಳ ಶ್ರದ್ಧೆಯಿಂದ ಕೆರೆಯುತ್ತಿದ್ದಳು.

"ಗೊತ್ತಾಯ್ತಾ?" ಎಂದಳು ಪೆಟಿಗ್ರೂ.

"ಕಾಫಿ ಆರಿಹೋಗಿದೆ," ಎಂದು ಅಲ್ವೀನಾ ಎದ್ದುಬಿಟ್ಟಳು.

ಮೂರು ದಿನ ಅವಳಿಗೆ ಅನ್ನ ನೀರು ಸೇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುತ್ತಜ್ಜಿ ಸ್ವಂತ ಅಳಿಯನ ಹೆಂಡತಿಯಾಗಿ ಆಸ್ಪತ್ರೆಯ ಗೋಡೆಯೇರುತ್ತಾಳೆ. ಸುತ್ತಲಿನ ನಾಲ್ಕೂ ಊರಿನ ಜನ ರಕ್ತದೊತ್ತಡ ನೋಡಿಸಿಕೊಳ್ಳಲು ಸಾಲು ನಿಂತು, ಅದನ್ನು ಓದಿಕೊಂಡೇ ಒಳಗೆ ಹೋಗುತ್ತಾರೆ. ಇದಕ್ಕಿಂತ ಹೊಲಸು ಮಾತು ಅಪಾಚೆಯವರಲ್ಲಿ ಇನ್ನೊಂದಿಲ್ಲ. ಬಾಯಿ ಬಿಟ್ಟರೆ ತಾಯಿ ಸುಳ್ಳಿಯಾಗುತ್ತಾಳೆ, ಹೋಮರ್ ಡೊಸೇಲಾ ನೆಂಟನಾಗುತ್ತಾನೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಅವಳು ಸೋಮವಾರದಿಂದ ಬುಧವಾರದವರೆಗೆ ತೂಗಿ ನೋಡಿದಳು. ಬುಧವಾರ ಮಧ್ಯಾಹ್ನ, ಪೆಟಿಗ್ರೂ ಪೆಟ್ಟಿಗೆ ಕಟ್ಟುವ ಹೊತ್ತಿಗೆ, ಭವನಕ್ಕೆ ಬಂದು ಹೇಳಿಯೇಬಿಟ್ಟಳು.

"ಅವಳು ಹೆಂಡ್ತಿ ಅಲ್ಲ. ಅವನ ಅತ್ತೆ. ನನ್ನ ಮುತ್ತಜ್ಜಿ."

"ಆದ್ರೆ ಮುಖಾನೇ ಕಾಣಲ್ವಲ್ಲ! ಹೇಗೆ ಗೊತ್ತಾಯ್ತು?"

"ಕಾಣಲ್ಲ ಅಂತಾನೇ ಗೊತ್ತಾಗಿದ್ದು."

ಬ್ಯೂಲಾ ದೊಡ್ಡ ಉಸಿರುಬಿಟ್ಟಳು. "ಅಂತೂ ಬಾಯಿ ಬಿಟ್ಯಲ್ಲೇ ತಾಯಿ. ನಾವೆಲ್ಲ ಮೊದಲ ದಿನಾನೇ ನೋಡಿದ್ವಿ."

"ನೋಡಿ ಸುಮ್ನಿದ್ರಾ? ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ನಿನ್ನ ಮುತ್ತಜ್ಜಿ. ನೀನು ಮುಂದೆ ಕೂತಿರೋವಾಗ ನಾವ್ಯಾಕೆ ಬಾಯಿ ಹಾಕ್ಬೇಕು?"

ಪೆಟಿಗ್ರೂ ಸಂತೋಷದಿಂದ ಒಂದು ಹಸಿರು ಅರ್ಜಿ ತೆಗೆದಳು. ಬರಹ ತಿದ್ದಲು ಆ ಹೆಂಗಸಿನ ವಂಶದ ಇಬ್ಬರ ಸಹಿ ಬೇಕಿತ್ತು. ಇಬ್ಬರೂ ಒಂದೇ ಕವಲಿನವರಾಗಬಾರದು. ಬರೀ ಕಂಬಳಿ ನೋಡಿ ಬರೆದುಕೊಂಡೆ ಎಂದರೆ ಮೇಲಿನವರು ಒಪ್ಪುವುದಿಲ್ಲವೆಂದು ಅವಳು ಬೇಜಾರಿನಿಂದಲೇ ಹೇಳಿದಳು. ಕಂಬಳಿ ನೋಡಿ 'ನಾಚಿಕೆಯ ಹೆಂಡತಿ' ಎಂದು ಬರೆದವನಿಂದ ಎಷ್ಟು ಸಹಿ ತೆಗೆದುಕೊಂಡಿದ್ದರೆಂದು ಅಲ್ವೀನಾ ಕೇಳಿದಳು. ಪೆಟಿಗ್ರೂ ಕೆಂಪಾದಳು. ಆದರೂ ಅರ್ಜಿ ಅರ್ಜಿಯೇ.

ಇನ್ನೊಂದು ಕವಲು ಎಂದರೆ ಹೋಮರ್ ಒಬ್ಬನೇ.

ಗುರುವಾರ ಬೆಳಿಗ್ಗೆ ಅಳಿಯ ಕಾರನ್ನು ಟಯರಿನ ಅಂಗಡಿಯ ಮುಂದೆ ನಿಲ್ಲಿಸಿದ. ಅತ್ತೆ ಕೆಳಗಿಳಿಯುತ್ತಿದ್ದಂತೆ ಕುತ್ತಿಗೆಯನ್ನು ಬೆಟ್ಟದ ಕಡೆ ತಿರುಗಿಸಿ ಕೂತ. ಹೋಮರ್ ಮಗುಚಿದ ಬಕೆಟ್ಟಿನ ಮೇಲೆ ಕೂತು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ.

"ಏನು ತಾಯಿ, ಗಾಳಿ ಹೋಯ್ತಾ?" ಎಂದ, ತಲೆಯೆತ್ತದೆ.

ಅವಳು ಅರ್ಜಿಯನ್ನೂ ಫೋಟೊವನ್ನೂ ಅವನ ಮುಂದೆ ಚಾಚಿದಳು. "ಸಹಿ ಹಾಕು."

ಅವನು ಓದಿದ. ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡು ಇನ್ನೊಮ್ಮೆ ಓದಿದ.

"ನಿನಗೂ ಗೊತ್ತಿತ್ತು," ಎಂದಳು ಅಲ್ವೀನಾ.

"ಗೊತ್ತಿಲ್ದೆ ಏನು? ನಾನೂ ಅಪಾಚೆಯವನೇ. ನೋಡಿದ ತಕ್ಷಣ ಗೊತ್ತಾಯ್ತು."

"ಗೊತ್ತಿದ್ದೂ ಅವಳನ್ನ ಅಳಿಯನ ಹೆಂಡ್ತಿ ಮಾಡಿ ಗೋಡೆಗೆ ಹೊಡೆಸ್ತಿದೀಯಾ? ನಾಚಿಕೆ ಆಗಲ್ವಾ ನಿನಗೆ?"

"ಆಗುತ್ತೆ," ಎಂದ ಹೋಮರ್. "ನಾಯಕ, ಅವನ ಹೆಂಡ್ತಿ ಅಂತಿದ್ರೆ ಬಿಳಿಯರು ನೋಡ್ತಾರೆ, ಹೋಗ್ತಾರೆ. ಅತ್ತೆ ಅಂತ ಬರೆದ್ರೆ ನಮ್ಮೋರು ಕೇಳ್ತಾರೆ. ಯಾರ ಮನೆ ಅತ್ತೆ? ಆ ಮನೆಯಿಂದ ಇವನು ಯಾಕೆ ಆಚೆ ಬಿದ್ದ? ಸಂಬಂಧ ಮುಗೀತು ಅಂತ ನಿಮ್ಮಜ್ಜಿ ಅವನ ಕುದುರೆ ತಡಿ ತಂದು ಬಾಗಿಲಾಚೆ ಇಟ್ಳು ಅಂತ ನಾನೇ ಹೇಳ್ಕೊಂಡು ತಿರುಗ್ಲಾ? ಬಿಳಿಯರು ಎಳ್ಕೊಂಡು ಹೋಗಿದ್ದ ಬೋರ್ಡಿಂಗ್ ಶಾಲೆಯಿಂದ ಬಂದ ನಮ್ಮಪ್ಪ ನಿಮ್ಮ ಬಾಗಿಲಿಗೆ ಬಂದಾಗ, ನಿಮ್ಮೋರು ನೀನ್ಯಾರು ಅಂದ್ರು. ಹನ್ನೊಂದು ವರ್ಷ ಅವನಿಗೆ. ಅದನ್ನೂ ಹೇಳ್ಲಾ?"

ಈ ಬಾಗಿಲಿನ ಮಾತು ಅಲ್ವೀನಾಗೆ ಹೊಸದು. ಮೂವತ್ತು ವರ್ಷದಲ್ಲಿ ಹೋಮರ್ ಅದನ್ನು ಒಮ್ಮೆಯೂ ಎತ್ತಿರಲಿಲ್ಲ. ಹೆದ್ದಾರಿಯಲ್ಲಿ ಎರಡು ಲಾರಿಗಳು ಹಾದುಹೋದವು. ಅವಳಿಗೆ ತಾಯಿಯ ಮೇಲೆ ಸಿಟ್ಟು ಬಂತು, ಸತ್ತವರ ಮೇಲೆ ಸಿಟ್ಟಾಗಬಾರದೆಂದು ಗೊತ್ತಿದ್ದೂ ಬಂತು.

"ಹಾಕ್ತೀನಿ ಸಹಿ," ಎಂದ ಹೋಮರ್. "ಮೊದ್ಲು ಹೇಳು, ನಾನು ನಿನಗೇನಾಗ್ಬೇಕು?"

"ಅರ್ಜಿಯಲ್ಲೇ ಇದೆಯಲ್ಲ."

"ಬಾಯಲ್ಲಿ ಹೇಳು."

ಅಲ್ವೀನಾ ನೆಲ ನೋಡಿದಳು, ಟಯರಿನ ರಾಶಿ ನೋಡಿದಳು. "ಮಾವನ ಮಗ," ಎಂದಳು.

"ಗಾಳಿ ಜಾಸ್ತಿ, ಕೇಳಿಸ್ಲಿಲ್ಲ."

"ಸೋದರಮಾವನ ಮಗ! ನಮ್ಮಮ್ಮನ ಅಣ್ಣನ ಮಗ! ಸಾಕೇನೋ ಪಾಪಿ?"

ಕಾರಿನಲ್ಲಿ ಕೂತಿದ್ದ ಅಳಿಯನ ಕುತ್ತಿಗೆ ಒಂದು ಸಲ ನಡುಗಿತು. ಅವನು ನಗುತ್ತಿದ್ದನೋ ಏನೋ, ಅದು ಅವಳು ನೋಡುವ ವಿಷಯವಲ್ಲ.

ಅತ್ತೆಯ ಮಗಳು, ಮಾವನ ಮಗ ಎಂದರೆ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಗೇಲಿ ಮಾಡಬಹುದಾದ ನಂಟು. ಬೇರೆಯವರ ಹತ್ತಿರ ಆಡಬಾರದ್ದನ್ನು ಅವರ ಹತ್ತಿರ ಆಡಬಹುದು. ಈ ಇಬ್ಬರು ಮೂವತ್ತು ವರ್ಷ ಆ ಕೆಲಸವನ್ನು ನಂಟಿಲ್ಲದೆಯೇ ಚೊಕ್ಕವಾಗಿ ಮಾಡಿಕೊಂಡು ಬಂದಿದ್ದರು.

ಹೋಮರ್ ತೊಡೆಯ ಮೇಲೆ ಕಾಗದವಿಟ್ಟು ನಿಧಾನವಾಗಿ ಸಹಿ ಹಾಕಿದ. ಮುತ್ತಜ್ಜಿಯ ಹೆಸರಿನ ಜಾಗದ ಹತ್ತಿರ ಪೆನ್ನು ನಿಂತಿತು. ಅವನು ಅವಳ ಕಡೆ ನೋಡಿದ, ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಅದನ್ನು ಖಾಲಿ ಬಿಟ್ಟ. ಹೆಸರಿಲ್ಲದ ಅತ್ತೆಯಾಗಿ ಗೋಡೆಯ ಮೇಲಿರಲು ಮುತ್ತಜ್ಜಿಯ ಅಭ್ಯಂತರವಿರಲಾರದು.

ಕಾಗದವನ್ನು ಕೊಟ್ಟವನು ಫೋಟೊವನ್ನು ಮಾತ್ರ ಕೊಡಲಿಲ್ಲ. ಕಂಬಳಿಯ ಮೇಲೆ ಮಸಿ ತಾಗದ ಹಾಗೆ ಬೆರಳನ್ನು ಒಂದಂಗುಲ ಮೇಲಿಟ್ಟುಕೊಂಡು ಕೇಳಿದ, "ಕಂಬಳಿ ಒಳಗೆ ಹೇಗಿದ್ಳು? ನಮ್ಮಪ್ಪನಿಗೂ ಯಾರೂ ಹೇಳ್ಲಿಲ್ಲ. ನೀವು ಅವಳ ಮನೆಯೋರು."

ಅಲ್ವೀನಾಳ ನಾಲಿಗೆಯ ತುದಿಗೆ ಒಂದು ಚುಚ್ಚುಮಾತು ಬಂದಿತ್ತು. ಅದು ಎಲ್ಲಿ ಹೋಯಿತೋ. "ನಾನೂ ನೋಡಿಲ್ಲ ಕಣೋ," ಎಂದಳು. "ನನ್ನ ಹಾಗೇ ಇದ್ಳು ಅಂತ ಅಮ್ಮ ಹೇಳ್ತಿದ್ಳು. ಅದಾದ್ರೂ ನಿಜ ಹೇಳಿದ್ಳೋ ಇಲ್ವೋ."

ಹೋಮರ್ ಎದ್ದು ನಿಂತು ಅವಳ ಮುಖವನ್ನು ನೋಡಿದ. ಹೀಗೆ ನೆಟ್ಟ ಕಣ್ಣಿನಿಂದ ಯಾರನ್ನೂ ನೋಡುವುದು ಅವರಲ್ಲಿ ಸಭ್ಯತೆಯಲ್ಲ. ಗಾಳಿಗೆಂದು ಕಟ್ಟಿಕೊಂಡಿದ್ದ ತಲೆವಸ್ತ್ರವನ್ನು ಅಲ್ವೀನಾ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು, ಅವನು ನೋಡುವಷ್ಟು ಹೊತ್ತು ಅಲುಗದೆ ನಿಂತಳು. ಅವನ ಕಣ್ಣು ಒದ್ದೆಯಾಗುತ್ತಿತ್ತು, ಅವಳದೂ.

"ಮೂಗು ಸ್ವಲ್ಪ ದೊಡ್ಡದಾಯ್ತು," ಎಂದ ಕೊನೆಗೆ.

"ನಿನ್ನದು ಯಾರ ಮನೇದು ಅಂದ್ಕೊಂಡಿದ್ದೆ?" ಎಂದಳು ಅಲ್ವೀನಾ.

ಹೋಮರ್ ಮಸಿಗೈಯಲ್ಲೇ ತನ್ನ ಮೂಗು ಮುಟ್ಟಿ ನೋಡಿಕೊಂಡ.