ಹಿರೇಕೆರೂರಿನಿಂದ ಬಂದ ಟ್ರಂಕ್ ಕಾಲ್

ಬೆಚ್ಚಗಾದ ಬೇಕಲೈಟಿಗೆ, ಫೋನಿನ ಆ ಕರಿ ಗಟ್ಟಿ ಮೈಗೆ, ಆಸ್ಪತ್ರೆಯ ವಾಸನೆ, ತಿಕ್ಕಿದಷ್ಟೂ ಏಳುತ್ತದೆ, ಫಿನೈಲು ಹಾಕಿ ತೊಳೆದ ನೆಲದ್ದು, ಹಳೆಯ ಫೋನುಗಳನ್ನು ಬಿಚ್ಚಿ ಕೂಡಿಸುವುದೇ ಹೊಟ್ಟೆಪಾಡಾಗಿ ಎಷ್ಟೋ ವರ್ಷವಾದರೂ ಹಾಲೇಶನಿಗೆ ಈ ವಾಸನೆ ಮಾತ್ರ ಒಗ್ಗಿಲ್ಲ, ಮೂಗಿಗೆ ಬಡಿದರೆ ಸಾಕು, ಶಿಗ್ಗಾಂವಿಯ ದವಾಖಾನೆ, ತಂತಿ ಬಿಗಿದ ಅಪ್ಪನ ದವಡೆ, ಹಲ್ಲು ಹೋದ ಸಂದಿಯಲ್ಲಿ ಚಮಚೆಯಿಂದ ಗಂಜಿ ಇಳಿಸುವ ಅವ್ವ, ನುಂಗ್ರಿ, ಒಂದ ಗುಟುಕು ನುಂಗ್ರಿ — ಬ್ಯಾಡ, ಈಗ ಅದು ಬ್ಯಾಡ, ಗಿರಾಕಿ ಎದುರಿಗೆ ಕೂತಿದ್ದಾನೆ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಸ್ಟೂಲಿನ ತುದಿಯಲ್ಲಿ ಕೂತು ಪಕ್ಕದ ಮುಮ್ತಾಜಬೇಗಂಳ ಅಂಗಡಿಯಿಂದ ಕಟ್ಟಿಸಿಕೊಂಡು ಬಂದ ಖಾರಾ ಮೆಲ್ಲುತ್ತಿದ್ದಾನೆ, ನಮ್ಮ ಅಜ್ಜಾರ ಫೋನ್ರಿ ಮೇಸ್ತ್ರಿ, ಅವರು ಹೋದಾಗಿಂದ ಅಟ್ಟದ ಮ್ಯಾಲ ಬಿದ್ದಿತ್ತು, ತಂಗಿ ಅಂಕಿತಾ ಪಡಸಾಲ್ಯಾಗ ಇಡೋಣು ಅಂತಾಳ, ಮದ್ಲ ಹೆಂಗಿತ್ತೋ ಹಂಗ ಮಾಡಿಕೊಡ್ರಿ. ಮೊದಲು ಹೇಗಿತ್ತೋ ಹಾಗೆ — ಎಲ್ಲರೂ ಹೇಳುವ ಮಾತೇ, ಆದರೆ ಫೋನು ಮೊದಲು ಹೇಗಿತ್ತೆಂದು ತಂದವರಿಗೆ ಗೊತ್ತಿರುವುದಿಲ್ಲ, ಫೋನೇ ಹೇಳಬೇಕು, ಈ ಪೆಟ್ಟಿಗೆ ಕರಿದು, ತೂಕದ್ದು, ತಳದಲ್ಲಿ ಒತ್ತಿದ ಇಸವಿ ಎಪ್ಪತ್ತೊಂದು, ಡಯಲ್ ಬೇರೆ ಯಾವುದೋ ಕಚೇರಿಯ ಫೋನಿನದು, ಬೆರಳು ತೂರಿಸಿ ತಿರುಗಿಸಿದರೆ ಏಳರ ಹತ್ತಿರ ಮುಗ್ಗರಿಸುತ್ತದೆ, ಒಳಗಿನ ಎರಡು ಗಂಟೆಗಳಲ್ಲಿ ಒಂದು ಹಿತ್ತಾಳೆ, ಒಂದು ಕಬ್ಬಿಣ, ಎರಡರ ದನಿಯೂ ಕೂಡುವುದಿಲ್ಲ, ರಿಸೀವರಂತೂ ಹಳದಿಗಟ್ಟಿದ ಬಿಳಿ ಪ್ಲಾಸ್ಟಿಕ್ಕು, ಹಗುರ, ಕಿವಿಯ ಕಡೆಯ ಮುಚ್ಚಳ ತಿರುವಿ ನೋಡಿದರೆ ಒಳಗೆ ಎಂಬತ್ತೊಂಬತ್ತು ಎಂದು ಒತ್ತಿದೆ, ಇದು ಒಂದು ಫೋನಲ್ರಿ, ನಾಕು ಫೋನು, ಎಂದ ಹಾಲೇಶ, ಗಿರಾಕಿ ನಕ್ಕ.

ಯಾವೂರ್ರಿ ನಿಮ್ದು, ಎಂದು ಸುಮ್ಮನೆ ಮಾತಿಗೆ ಕೇಳಿದ್ದು, ದುಂಡಸಿ ರೀ, ನಾಗಪ್ಪಗೌಡ್ರ ಮೊಮ್ಮಗ ನಾ, ಸಂಜಯ ಅಂತ — ಸ್ಕ್ರೂಡ್ರೈವರು ಜಾರಿ ಹೆಬ್ಬೆರಳಿನ ಬುಡಕ್ಕೆ ನೆಟ್ಟಿತು, ರಕ್ತ ಮೊದಲು ಬರಲಿಲ್ಲ, ಆಮೇಲೆ ಬಂತು, ಅಯ್ಯ, ಸಾವಕಾಶ ರೀ ಮೇಸ್ತ್ರಿ, ಎನ್ನುತ್ತಾನೆ ಅವನು, ಮಾತು ಮಾತಿಗೂ ರೀ, ತಾನೂ ಅದೇ ದುಂಡಸಿಯ, ಊರ ಅಗಸಿಯಾಚೆಯ ಕೇರಿಯವನೆಂದು ತಿಳಿದರೆ ಈ ರೀ ಎಲ್ಲಿ ಉಳಿದೀತು, ಹಾನಗಲ್ಲಿನ ಹಾಸ್ಟೆಲಿನಲ್ಲಿ ಬೆಳೆದವನ ಮುಖ ಇವನಿಗೇನು ಗೊತ್ತು, ಹಾಗಾದರೆ ಇದೇ ಆ ಫೋನು, ಇದೇ, ಬೆರಳನ್ನು ಬಾಯಲ್ಲಿಟ್ಟು ಚೀಪಿದ, ಉಪ್ಪು, ಕಬ್ಬಿಣ. ಅಪ್ಪ ಫಕ್ಕೀರಪ್ಪ ಇದರ ಕತೆ ಹೇಳಿದ್ದು ಒಂದೇ ಸಲ, ಹಾಲೇಶ ಫೋನಿನ ಲೈನು ಎಳೆಯುವ ಕೂಲಿಗೆ ಸೇರಿದ ದಿನ, ಒಡೆದ ಬಾಯಲ್ಲಿ ಒಂದೊಂದೇ ಶಬ್ದ ಉರುಳಿಸಿ, ಗೌಡರ ಮನೆಯವರೆಲ್ಲ ಕಣದಲ್ಲಿದ್ದರು, ಆಳಾಗಿದ್ದ ಅಪ್ಪನೊಬ್ಬ ಅಂಗಳದಲ್ಲಿ ಚೀಲ ಹೊರುತ್ತಿದ್ದ, ಪಡಸಾಲೆಯಲ್ಲಿ ಫೋನು ಬಡಿದುಕೊಂಡಿತು, ಬಡಿದುಕೊಂಡಿತು, ನಿಲ್ಲಲೇ ಇಲ್ಲ, ಸೊಸೆ ಸರೋಜವ್ವ ಬಾಣಂತನಕ್ಕೆ ಹಿರೇಕೆರೂರಿಗೆ ಹೋಗಿದ್ದಾಳೆ, ಟ್ರಂಕ್ ಕಾಲ್ ಬರುತ್ತದೆಂದು ಮನೆಯೆಲ್ಲ ಕಾಯುತ್ತಿದೆ, ಅದು ಅಪ್ಪನಿಗೆ ಗೊತ್ತಿತ್ತು, ಅದಕ್ಕೇ ಎಂದೂ ಹತ್ತದ ಕಟ್ಟೆ ಹತ್ತಿದ, ಕೈಯನ್ನು ಧೋತರಕ್ಕೆ ಒರೆಸಿಕೊಂಡು ಎತ್ತಿದ, ಹಲೋ ಅಂದ, ಗೌಡರು ಅನ್ನುವ ಹಾಗೆಯೇ, ಆ ಕಡೆಯಿಂದ ಯಾರೋ ಹೆಣ್ಣುಮಗಳು ಕೂಗಿ ಹೇಳಿದಳು, ಗಂಡು ಹುಟ್ಯಾನ, ಗೌಡ್ರಿಗೆ ಹೇಳು — ಅಪ್ಪ ನಗುತ್ತಲೇ ತಿರುಗಿದ, ಬಾಗಿಲಲ್ಲಿ ನಾಗಪ್ಪಗೌಡ, ಗೌಡ್ರ, ಗಂಡು, ಎನ್ನುವಷ್ಟರಲ್ಲಿ ಅದೇ ರಿಸೀವರು ಕೈಯಿಂದ ಕಿತ್ತು ತುಟಿಗೆ ಒಂದು, ನಾವು ಬಾಯಿ ಹಚ್ಚೂದಕ್ಕ ನಿನ್ನ ಬಾಯಿ ಹಚ್ಚಿದಿ ಮಗನ, ದವಡೆಗೆ ಇನ್ನೊಂದು, ಏಟಿಗೂ ಏಟಿಗೂ ನಡುವೆ ರಿಸೀವರಿನೊಳಗಿಂದ ಆ ಹೆಣ್ಣುಮಗಳು ಒಂದೇ ಸವನೆ, ಹಲೋ, ಹಲೋ, ಕೇಳಸ್ತೈತೇನು, ಆಮೇಲೆ ಮೂರನೆಯದು, ಬೇಕಲೈಟು ಒಡೆಯಿತು, ದವಡೆಯೂ ಒಡೆಯಿತು, ಯಾವುದು ಮೊದಲು ಅಂತ ಗೊತ್ತಾಗಲಿಲ್ಲ ನೋಡಪಾ, ಎಂದಿದ್ದ ಅಪ್ಪ. ಆಗ ಹುಟ್ಟಿದ ಗಂಡು ಈಗ ಸ್ಟೂಲಿನ ಮೇಲೆ ಕೂತಿದೆ, ಬೆರಳಿಗಂಟಿದ ಖಾರಾದ ಪುಡಿ ನೆಕ್ಕುತ್ತಿದೆ.

ಎದ್ದು ಹೋಗಬೇಕು, ಆಗೂದಿಲ್ರಿ ಒಯ್ಯಿರಿ ಎನ್ನಬೇಕು, ಆದರೆ ಕೈ ತನ್ನಷ್ಟಕ್ಕೆ ಬೆಂಚಿನ ಕೆಳಗಿನ ಪೆಟ್ಟಿಗೆ ಎಳೆದು ತಡಕುತ್ತಿದೆ, ಹಳೆಯ ರಿಸೀವರುಗಳು ಎಲುಬಿನಂತೆ ಒಂದರ ಮೇಲೊಂದು, ಎಪ್ಪತ್ತೊಂದರದ್ದು ಸಿಕ್ಕಿತು, ಕರಿದು, ಭಾರ, ಒಂದು ಸೀಳೂ ಇಲ್ಲ, ಆ ಪೆಟ್ಟಿಗೆಯ ಮೇಲಿಟ್ಟರೆ ಅಲ್ಲೇ ಹುಟ್ಟಿದ್ದರ ಹಾಗೆ ಕೂತಿತು, ಹೌದ್ ನೋಡ್ರಿ, ಇದ ಬೇಕಿತ್ತು, ಎಂದು ಸಂಜಯ ಚಪ್ಪಾಳೆ ತಟ್ಟಿದ, ಮತ್ತ ಮದ್ಲಿಂದು ಏನಾತ್ರಿ, ಎಂದು ಕೇಳಿದ್ದು ಯಾರು, ತಾನೇ ಇರಬೇಕು, ತನ್ನದೇ ದನಿ, ಬಹಳ ದೂರದಿಂದ ಬಂತು, ಅದೊಂದು ದೊಡ್ಡ ಮಜಾ ರೀ, ಒಬ್ಬ ಆಳು ನಮ್ಮ ಅಜ್ಜಾರಿಲ್ಲದಾಗ ಫೋನ್ ಎತ್ತಿ ಸಾಹೇಬನಂಗ ಹಲೋ ಹಲೋ ಅನ್ನಾಕತ್ತಿದ್ದನಂತ, ಅಜ್ಜ ಅವನ ಬಾಯಿ ಮ್ಯಾಲೆ ರಿಸೀವರ್ ಒಡದಬಿಟ್ರು, ಆಮ್ಯಾಲೆ ಅವಗ ಹಲೋ ಅನ್ನಾಕ ಬರ್ತಿದ್ದಿಲ್ಲ, ನಾವು ಸಣ್ಣಾವರಿದ್ದಾಗ ಹಾದಿಮ್ಯಾಲ ನಿಂದ್ರಿಸಿ ಅನಸ್ತಿದ್ವಿ, ಏ ಫಕ್ಕೀರ, ಹಲೋ ಅನ್ನು — ದವಡೆಯನ್ನು ಒಂದು ಬದಿಗೆ ಸೊಟ್ಟ ಮಾಡಿ, ನಾಲಿಗೆ ಹೊರಗೆ ಜೋತುಬಿಟ್ಟು, ಅಓ, ಅಓ, ಎಂದು ಸಂಜಯ ಅಪ್ಪನಾಗಿ ತೋರಿಸಿದ, ಎಷ್ಟು ಸರಿಯಾಗಿ ತೋರಿಸಿದನೆಂದರೆ ಸತ್ತ ಅಪ್ಪನ ಮುಖ ಒಂದು ಕ್ಷಣ ಆ ಬಿಳಿ ಅಂಗಿಯ ಮೇಲೆ ಬಂದು ಕೂತಿತು, ಅದಕ್ಕೇ ಅಪ್ಪ ಗೌಡರ ಓಣಿ ಬಿಟ್ಟು ಕೆರೆಯ ಏರಿ ಸುತ್ತಿ ಮನೆಗೆ ಬರುತ್ತಿದ್ದ, ಅದಕ್ಕೇ, ಅದಕ್ಕೇ — ರಿಸೀವರು ಯಾವಾಗ ಕೈಗೆ ಬಂತೋ ತಿಳಿಯಲಿಲ್ಲ, ಮೊದಲನೆಯ ಏಟು ಆ ಅಓ ಮೇಲೆಯೇ ಬಿತ್ತು, ಸ್ಟೂಲು ಮಗುಚಿತು, ಖಾರಾ ನೆಲಕ್ಕೆ ಚೆಲ್ಲಿತು, ಎರಡನೆಯದಕ್ಕೆ ಒಣಕಟ್ಟಿಗೆ ಮುರಿದ ಸಪ್ಪಳ, ಮೂರನೆಯದಕ್ಕೆ ಸಪ್ಪಳವೂ ಇಲ್ಲ, ಒದ್ದೆಯಷ್ಟೇ, ಒಡೆಯಲಿಲ್ಲ ಬೇಕಲೈಟು, ಗಟ್ಟಿ ಮಾಲು, ಮುಮ್ತಾಜಬೇಗಂ ಖಾರಾ ಕರಿಯುವ, ಎಣ್ಣೆ ಸೋರುವ ಜಾಲರಿ ಸೌಟು ಹಿಡಿದೇ ಓಡಿ ಬಂದಳು, ಯಾ ಅಲ್ಲಾ, ಬಿಡೋ ಹಾಲೇಶ, ಸಾಯ್ತಾನೋ, ಬಿಡು, ಅವನ ರಟ್ಟೆಗೆ ಜೋತುಬಿದ್ದಳು, ಹಾಲೇಶ ಬಿಟ್ಟ, ಬಿಟ್ಟನೇ, ಕೈ ಇನ್ನೂ ಮೇಲೆಯೇ ಇದೆ, ಯಾರ ಕೈ ಇದು, ಯಾವನದು. ಕೆಳಗೆ ಸಂಜಯ ಗೋಡೆಗೆ ಒರಗಿದ್ದಾನೆ, ಬಿಳಿ ಅಂಗಿ ಹೊಕ್ಕುಳವರೆಗೆ ಕೆಂಪು, ಕಣ್ಣಲ್ಲಿ ಸಿಟ್ಟಿಲ್ಲ, ಬರೀ ತಿಳಿಯದ ಬೆರಗು, ದವಡೆ ಜೋತಿದ್ದರೂ ಏನೋ ಕೇಳುತ್ತಿದ್ದಾನೆ, ಯಾಕ್ರಿ, ಯಾಕ್ರಿ ಮೇಸ್ತ್ರಿ — ಇನ್ನೂ ರೀ ಅನ್ನುತ್ತಿದ್ದಾನೆ — ಹೇಳಬೇಕು, ನೀನು ಹುಟ್ಟಿದಿ, ಹಿರೇಕೆರೂರಿನಿಂದ ಫೋನ್ ಬಂತು, ನನ್ನ ಅಪ್ಪ ಎತ್ತಿದ, ಇಷ್ಟೇ ಮಾತು, ಅವನು ಮತ್ತೆ ಕೇಳುತ್ತಾನೆ, ಕೇಳಿದಾಗಲೆಲ್ಲ ತುಟಿಯ ಮೂಲೆಯಲ್ಲಿ ರಕ್ತದ ಗುಳ್ಳೆಯೊಂದು ಊದುತ್ತದೆ, ಬಿಸಿಲು ಬಿದ್ದು ಹೊಳೆಯುತ್ತದೆ, ಒಡೆಯುತ್ತದೆ, ಮತ್ತೆ ಊದುತ್ತದೆ, ಒಡೆಯುತ್ತದೆ, ಮತ್ತೆ —