ರೋಲರಿನ ಮುಂದೆ ಮನೆಮಾತು

“ಏನ್ರೇ ಅದು ಕಾಗೆ ಸಂತೆ? ಮನೇಲಿ ಬೊಗಳೋದನ್ನ ಮನೇಲೇ ಇಟ್ಟು ಬನ್ನಿ. ಇಲ್ಲಿ ಇಂಗ್ಲಿಷ್ ಮಾತ್ರ, ದರಿದ್ರ ಮುಂಡೇವಾ.”

ಸೂಪರ್‌ವೈಸರ್ ಬೈದದ್ದು ಆ ಹೆಂಗಸರದೇ ಮಾತಿನಲ್ಲಿ. ಅವನ ತಾಯಿ ಅವನನ್ನು ತೊಟ್ಟಿಲಲ್ಲಿ ತೂಗಿದ್ದೂ ಅದೇ ಮಾತಿನಲ್ಲಿ. ಟೈ ಕಟ್ಟಿದ ಮೇಲೆ ಅದು ಅವನಿಗೆ ಬೈಯುವುದಕ್ಕಷ್ಟೇ ಬರುತ್ತಿತ್ತು.

ಪರದೇಶದಲ್ಲಿ ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ವಯಸ್ಸಿಗೆ ಹಿರಿಯಳಾದವಳು ಎಲ್ಲರಿಗೂ ದೊಡ್ಡಕ್ಕ. ಕಾದ ರೋಲರಿಗೆ ಒದ್ದೆ ಚಾದರ ಕೊಡುವುದು ಅವಳ ಮತ್ತು ಅವಳ ನಾದಿನಿಯ ಕೆಲಸ. ಹಬೆಯಲ್ಲಿ ಎದುರಿದ್ದವರ ಮುಖ ಕಾಣುವುದಿಲ್ಲ, ಮಾತನ್ನೇ ನಂಬಬೇಕು. “ಬಿಡು” ಅಂದರೆ ಬಿಡಬೇಕು, “ತಡಿ” ಅಂದರೆ ಯಂತ್ರ ನಿಲ್ಲಿಸಬೇಕು. ಇಂಗ್ಲಿಷಿನ ಅಪ್ಪಣೆಯಾದ ವಾರದಲ್ಲೇ ನಾದಿನಿಯ ಬೆರಳಿಗೆ ಚಾದರದ ಅಂಚು ಸುತ್ತಿಕೊಂಡಿತು. ಪಾಪ, ಬೈಗುಳಕ್ಕೆ ಹೆದರಿ ಅವಳು “ತಡಿ”ಗೆ ಇಂಗ್ಲಿಷ್ ಹುಡುಕುತ್ತಿದ್ದಳು. ಅಷ್ಟರಲ್ಲಿ ರೋಲರು ಅವಳ ಕೈಯನ್ನೂ ಇಸ್ತ್ರಿ ಮಾಡಿತ್ತು.

ಇವರೆಲ್ಲರ ಮನೆಮಾತೇ ಇಂಗ್ಲಿಷು, ಎಚ್ಚರಿಕೆಯನ್ನೂ ಇಂಗ್ಲಿಷಿನಲ್ಲೇ ಕೊಟ್ಟಿದ್ದೆವು, ತಪ್ಪು ಅವಳದೇ ಎಂದು ಕಂಪನಿ ಕೈತೊಳೆದುಕೊಂಡಿತು. ಆಸ್ಪತ್ರೆಯ ಖರ್ಚಿಗೂ ನಾಮ ಹಾಕಿತು. ಇದನ್ನು ವಿಚಾರಿಸಲು ಲೇಬರ್ ಆಫೀಸಿನಿಂದ ಮೇಡಂ ಬರುತ್ತಾರೆಂದು ತಿಳಿದದ್ದೇ ಸೂಪರ್‌ವೈಸರ್ ಮೇಷ್ಟರಾದ. ಮನೆಯಲ್ಲಿ ಯಾವ ಭಾಷೆ? ಇಂಗ್ಲಿಷ್. ಎಷ್ಟು ಬರುತ್ತೆ? ವೆರಿ ವೆಲ್. ತಪ್ಪಿದವರಿಗೆ ಕೆಲಸವಿಲ್ಲ.

ಹೆಂಗಸರು ಗಿಣಿಗಳಂತೆ ಒಪ್ಪಿಸಿದರು. ದೊಡ್ಡಕ್ಕನಿಗಂತೂ ಅದು ಎಷ್ಟು ಅಂಟಿತೆಂದರೆ, ನೀರು ಕಾಯಿತಾ ಎಂದು ಗಂಡ ಕೇಳಿದರೂ ವೆರಿ ವೆಲ್ ಅಂದಳು. ಅವನು ಬಕೆಟ್ಟಿಗೆ ಕೈಯಿಟ್ಟು, ತಣ್ಣಗಿದೆಯಲ್ಲೇ ಎಂದು ಗೊಣಗಿದ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ನಾದಿನಿ ನಗಲಿಲ್ಲ. ದೊಡ್ಡಕ್ಕನಿಗೆ ಆಗ ತನ್ನ ಮೇಲೆಯೇ ಅಸಹ್ಯವಾಯಿತು.

ಮೇಡಂ ಬಂದರು. ಪಾಠ ಚೆನ್ನಾಗಿ ಕಲಿತವಳೆಂದು ಸೂಪರ್‌ವೈಸರ್ ದೊಡ್ಡಕ್ಕನನ್ನೇ ಮುಂದೆ ನಿಲ್ಲಿಸಿದ. ಮನೆಯಲ್ಲಿ ಯಾವ ಭಾಷೆ ಎಂಬ ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬಂತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿಕೊಂಡಳು.

“ನಮ್ಮನೇಲಿ ಆಡೋದು ಇದೇ ಮಾತು ಕಣಮ್ಮ. ನನ್ನಾಣೆಗೂ ಇಂಗ್ಲಿಷ್ ಬರಲ್ಲ. ‘ತಡಿ’ ಅನ್ನೋಕೂ ಬಿಡದೆ ಹುಡುಗಿ ಕೈ ಬೇಯಿಸಿಬಿಟ್ರು, ಈ ಬೇವರ್ಸಿ ನನ್ಮಕ್ಕಳು.”

ಒಮ್ಮೆ ಬಾಯಿ ಬಿಟ್ಟವಳು ನಿಲ್ಲಿಸಲಿಲ್ಲ. ಮೇಡಂಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರವಂತೂ ಸಿಕ್ಕಿತ್ತು. ಪೆನ್ನು ಕೆಳಗಿಟ್ಟು ಸೂಪರ್‌ವೈಸರನ ಮುಖ ನೋಡಿದರು. ಅಷ್ಟು ಹೊತ್ತಿಗೆ ಹಿಂದಿದ್ದ ಹೆಂಗಸರೆಲ್ಲ ಒಟ್ಟಿಗೆ ಅದೇ ಮಾತಿನಲ್ಲಿ ಶುರುವಿಟ್ಟುಕೊಂಡಿದ್ದರು.

ಸೂಪರ್‌ವೈಸರ್ ಸಿಟ್ಟಿನಲ್ಲಿ ಮೈಮರೆತ. ಮೇಡಂ ಎದುರಿಗೇ ಮನೆಮಾತಿಗೆ ಇಳಿದ.

“ಬಾಯ್ಮುಚ್ಚೇ ಮುಂಡೆ. ನಾಳೆಯಿಂದ ನಿಂಗೆ ಕೆಲಸ ಇಲ್ಲ.”

ಇಷ್ಟು ವರ್ಷ ಅವನಿಗೆ ಸಾರ್ ಎನ್ನದೆ ಉಸಿರೂ ಬಿಡದಿದ್ದ ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇಂಗ್ಲಿಷಲ್ಲಿ ಹೇಳೋ.”